ನಪಾಸು ಎಂಬ ಪದದ ಹಿಂದೆ

ಬೆಳಗಾವಿ ಸೀಮೆಯ ಹಿರಿಯರ ಮಾತಿನಲ್ಲಿ ಪರೀಕ್ಷೆ ಎಂದರೆ ಮುಲ್ಕಿ. ಮುಂಬಯಿ ಆಡಳಿತದ ಕಾಲದ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯ ಕೊನೆಗೆ ಬರುತ್ತಿದ್ದ ಪರೀಕ್ಷೆ ಅದು. ಪಾಸಾದವನು ಮಾಸ್ತರನಾಗಬಹುದಿತ್ತು, ಸರಕಾರದ ಸಣ್ಣ ನೌಕರಿ ಹಿಡಿಯಬಹುದಿತ್ತು. ಆಗದವನು ಹೊಲಕ್ಕೆ ಮರಳುತ್ತಿದ್ದ. ಇಡೀ ಮನೆಯ ನೌಕರಿಯ ಆಸೆ ಒಬ್ಬ ಹುಡುಗನ ಹೆಗಲೇರಿದ್ದು ಆಗ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಮ್ಯಾಟ್ರಿಕ್ ಎಂಬ ಇನ್ನೂ ದೊಡ್ಡ ಬಾಗಿಲು ಬಂತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದ್ದನ್ನು ಈ ಬಾಗಿಲಿನೆದುರು ನಿಲ್ಲಿಸಿ ನೋಡಬೇಕು.

ಆ ಕಾಲ ನಮಗೆ ಬಿಟ್ಟುಹೋದ ಪದ 'ನಪಾಸು'. ನಾಲಾಯಕ್ಕಿನ 'ನಾ' ಬಂದು ಇಂಗ್ಲಿಷಿನ ಪಾಸಿಗೆ ಅಂಟಿಕೊಂಡಿದೆ. ಮರಾಠಿ, ಕನ್ನಡ ಎರಡರಲ್ಲೂ ಸಲ್ಲುತ್ತದೆ. ಗಣಿತದಲ್ಲಿ ಅಂಕ ಸಾಲಲಿಲ್ಲ ಎನ್ನುವುದಿಲ್ಲ, 'ಅಂವಾ ನಪಾಸ ಆದ' ಎನ್ನುತ್ತೇವೆ. ಉತ್ತರ ಸೋತದ್ದಲ್ಲ, ಹುಡುಗನೇ ಸೋತ.

1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಆ ಬಾಗಿಲಿನ ಹೆಸರು ಎಸ್ಸೆಸ್ಸೆಲ್ಸಿ, ಅಳತೆ 625 ಅಂಕ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಹೈಸ್ಕೂಲೇ ದೂರ. ಮರಾಠಿ ಮಾಧ್ಯಮದ ಮಕ್ಕಳು ಕನ್ನಡದ ಪತ್ರಿಕೆಯನ್ನೂ ಬರೆಯಬೇಕು. ಬೆಳಗಾವಿ ನಗರದ ಟ್ಯೂಷನ್ ಹುಡುಗನ ಭಯವೂ ಇವರ ಭಯವೂ ಒಂದೇ ಅಲ್ಲ.

ಈ ಭಯ ಪಾಠದ ವಿಷಯವಾಗಿದ್ದು ಬಹಳ ತಡವಾಗಿ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ಭಾವನೆಗಳನ್ನೂ ಒತ್ತಡವನ್ನೂ ನಿಭಾಯಿಸುವುದು ಅದರಲ್ಲಿ ಸೇರಿತ್ತು. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಶಾಲೆಗೆ ತಂದಾಗ ಮನೋವೈದ್ಯರನ್ನಲ್ಲ, ಮಾಸ್ತರರನ್ನೇ ಸಜ್ಜುಗೊಳಿಸಿತು. ಮುಲ್ಕಿ ಕಾಲದಲ್ಲಿ ಭಯ ಹುಟ್ಟಿಸುತ್ತಿದ್ದವರೂ ಅವರೇ ತಾನೆ! 2010ರಲ್ಲಿ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಫಲಿತಾಂಶ ಪ್ರಕಟಿಸಿದರು. ಈ ಪಾಠ ಕೇಳಿದ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತ್ತು, ಶಿಕ್ಷಕರೊಂದಿಗಿನ ಹೊಂದಾಣಿಕೆ ಸುಧಾರಿಸಿತ್ತು. ಆದರೆ ಮನೆಯೊಳಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಕೊನೆಯ ಸಾಲು. ಉಸಿರು ಎಳೆದು ಬಿಡುವುದನ್ನು ತರಗತಿಯಲ್ಲಿ ಕಲಿಸಬಹುದು, ಶತಮಾನದ ನೌಕರಿಯಾಸೆ ಕೂತಿರುವುದು ಮನೆಯ ಪಡಸಾಲೆಯಲ್ಲಿ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದರೂ ಶೇ. 73.40ಕ್ಕೆ ಇಳಿಯಿತು. ಅದೇ ವರ್ಷ ಪರೀಕ್ಷೆ ಒಂದು, ಎರಡು, ಮೂರು ಎಂಬ ಕ್ರಮವೂ ಶುರುವಾಯಿತು. ಭಯ ಕಡಿಮೆ ಮಾಡುವ ವಿಷಯದಲ್ಲಿ ಎಷ್ಟೋ ಉಪನ್ಯಾಸಗಳಿಗಿಂತ ಈ ಕ್ರಮವೇ ದೊಡ್ಡದೆಂದು ನನ್ನ ಎಣಿಕೆ. ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು ಎಂಬ ಸಂಗತಿಯನ್ನು ಖಾನಾಪುರದ ಪಾಲಕರ ಸಭೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಹೇಳಬೇಕಾಗುತ್ತದೆ, ಅದೂ ಫಲಿತಾಂಶದ ಮುಂಚೆಯೇ.