ಅರವತ್ತಕ್ಕೂ ಜವಾನ

ಪಾರಸಿಯಲ್ಲಿ 'ಜವಾನ್' ಎಂದರೆ ಹರೆಯದವನು. ಸಂಸ್ಕೃತದ 'ಯುವನ್' ಅದಕ್ಕೆ ಹತ್ತಿರದ ನಂಟ. ಸಂಸ್ಕೃತದ ಕಡೆಯಿಂದ ಬಂದ ಯೌವನವನ್ನು ಹಳಗನ್ನಡದವರು 'ಜವ್ವನ' ಮಾಡಿಕೊಂಡು ಕಾವ್ಯದ ತುಂಬ ಮೆರೆಸಿದರು. ಪಾರಸಿಯ ದಾರಿ ಹಿಡಿದು ಬಂದ ದಾಯಾದಿಗೆ ಆ ಭಾಗ್ಯ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಹೆಡ್ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ಒಂದು ಸ್ಟೂಲು, ಗೋಡೆಗೆ ತೂಗುಬಿಟ್ಟ ಬೀಗದ ಕೈ ಗೊಂಚಲು.

ಈ ಪದದ ತಮಾಷೆ ಇರುವುದು ವಯಸ್ಸಿನಲ್ಲಿ. ಇಪ್ಪತ್ತಕ್ಕೆ ಕೆಲಸಕ್ಕೆ ಸೇರಿದವನೂ ಜವಾನ. ಅರವತ್ತು ತುಂಬಿ, ಶಾಲು ಹೊದಿಸಿಕೊಂಡು, ಹಾರ ಕೈಯಲ್ಲಿ ಹಿಡಿದು ಮನೆಗೆ ಹೊರಟವನೂ ಜವಾನ. ಮೊಮ್ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿರುತ್ತಾರೆ, ಮಂಡಿ ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿರುತ್ತಾನೆ, ಸೇವಾ ಪುಸ್ತಕದಲ್ಲಿ ಮಾತ್ರ ಹರೆಯ ಇಳಿಯುವುದಿಲ್ಲ. ಇದೇ ಪದ ಗಡಿಯಲ್ಲಿ ನಿಂತರೆ ನಾವು ಎದ್ದು ನಿಲ್ಲುತ್ತೇವೆ. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಜೈಕಾರ ಹಾಕಿಸಿದ್ದು ಆ ಜವಾನನಿಗೆ. 2023ರಲ್ಲಿ ಶಾರುಖ್ ಖಾನರ ಸಿನಿಮಾಕ್ಕೆ ಹೆಸರಾದವನೂ ಅವನೇ. ಕಚೇರಿಯ ಜವಾನನಿಗೆ ಜೈಕಾರದ ಬದಲು ಕರೆಗಂಟೆ.

ಸೈನ್ಯದ ವಾಸನೆ ಇವನೊಬ್ಬನಿಗೇ ಅಂಟಿದ್ದಲ್ಲ. ಕಚೇರಿಯ ಬಾಗಿಲು ಕಾಯುವವರ ಹೆಸರುಗಳೆಲ್ಲ ಹೆಚ್ಚುಕಡಿಮೆ ದಂಡಿನಿಂದ ಬಂದವೇ. ಸಿಪಾಯಿ ಎಂದರೆ ಸೈನಿಕ. ದಫೇದಾರ ಕುದುರೆ ಪಡೆಯ ಒಂದು ತುಕಡಿಯ ಮುಂದಾಳು. ಈಗ ಜಿಲ್ಲಾಧಿಕಾರಿಯ ಕೋಣೆಯ ಮುಂದೆ ಪಟ್ಟಿ ಧರಿಸಿ ನಿಲ್ಲುತ್ತಾನೆ. ವಿಧಾನಸೌಧದ ದಲಾಯತ ಮೂಲದಲ್ಲಿ ಢಾಲು, ಅಂದರೆ ಗುರಾಣಿ ಹಿಡಿದವನು. ಚಪರಾಸಿ ಒಬ್ಬ ಬೇರೆ: ಎದೆಯ ಪಟ್ಟಿಗೆ ಚಪರಾಸು ಎಂಬ ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡವನು. ಪ್ಯೂನು ಪೋರ್ಚುಗೀಸರ 'ಪೆಯಾಂವ್'ನಿಂದ ಬಂದವನು, ಕಾಲಾಳು. ಇಂಗ್ಲಿಷರ ಚದುರಂಗದ ಹಾಸಿನಲ್ಲಿ ಮುಂದಿನ ಸಾಲಲ್ಲಿ ನಿಂತು ಮೊದಲು ಸಾಯುವ ಪಾನ್ ಕೂಡ ಅದೇ ಬೇರಿನವನು.

ಕೋಗಳಿ ಸೀಮೆಯಲ್ಲಿ ಈ ಪದಗಳ ಸಂತೆಯೇ ನೆರೆದಿತ್ತು. ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಊರು. ಶಾಸನಗಳ ಕಾಲಕ್ಕೆ ಅದು ಕೋಗಳಿ ಐನೂರು, ನೊಳಂಬವಾಡಿ ಮೂವತ್ತೆರಡು ಸಾವಿರದ ಒಳಗಿನ ನಾಡು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳೆಲ್ಲ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಳ್ವಿಕೆಯಲ್ಲಿದ್ದವು. ತುಂಗಭದ್ರೆ ದಾಟಿದರೆ ಕೊಪ್ಪಳದ ಕಡೆ ನಿಜಾಮರ ಸೀಮೆ, ಮುಂಡರಗಿ ರಾಣೆಬೆನ್ನೂರಿನ ಕಡೆ ಮುಂಬಯಿ ಸರ್ಕಾರ. ತೆಂಕಲಿಗೆ ಜಗಳೂರು, ದಾವಣಗೆರೆ ಮೈಸೂರಿನವು. ಮಗ್ಗುಲಲ್ಲೇ ಸೊಂಡೂರಿನ ಘೋರ್ಪಡೆಯವರ ಸಂಸ್ಥಾನ. ಮುಂಬಯಿ ಕಡೆಯವರಿಗೆ ಸಿಪಾಯಿ, ನಿಜಾಮರ ಕಡೆಯವರಿಗೆ ಚಪರಾಸಿ, ಮೈಸೂರಿನವರಿಗೆ ಜವಾನ, ಮದ್ರಾಸಿನವರಿಗೆ ಪ್ಯೂನು ಮತ್ತು ಅಟೆಂಡರು, ತೆಲುಗರಿಗೆ ಬಂಟ್ರೋತು. ಹೆಣ್ಣು ಕೊಟ್ಟು ತರುವ ಊರುಗಳಲ್ಲಿ ಒಬ್ಬನೇ ಬೀಗನಿಗೆ ಇಷ್ಟು ಹೆಸರು. ಈಗ ಆದೇಶದಲ್ಲಿ ಜವಾನ ಎಂದಿದ್ದರೂ ಈ ಕಡೆಯ ಜನ ಎದುರಿಗೆ ಅಟೆಂಡರ್ ಎಂದೇ ಕರೆಯುತ್ತಾರೆ. ಅದರಲ್ಲಿ ಸ್ವಲ್ಪ ಮರ್ಯಾದೆ ಹೆಚ್ಚೆಂಬ ಎಣಿಕೆ.

ಪ್ಯೂನು ಪದಕ್ಕೆ ಈ ನೆಲದಲ್ಲಿ ಇನ್ನೊಂದು ಕಥೆ ಇದೆ. 1800ರಲ್ಲಿ ನಿಜಾಮರು ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರನ್ನು ನೆನೆದರೆ ಈ ಸೀಮೆಯ ಮನೆಮನೆಯಲ್ಲೂ ಕತ್ತಿ ಈಟಿ ಇದ್ದ ಕಾಲ ಅದು ಎಂದು ತಿಳಿಯುತ್ತದೆ. ಪಾಳೆಯಗಾರರ ಆಯುಧಧಾರಿಗಳನ್ನು ಕಂಪನಿಯ ಕಾಗದಗಳು ಎಣಿಸುವುದು 'ಪ್ಯೂನು'ಗಳ ಲೆಕ್ಕದಲ್ಲಿ. ಅಂದರೆ ಆ ದಿನಗಳಲ್ಲಿ ಇಷ್ಟು ಪ್ಯೂನುಗಳು ಎಂದರೆ ಇಷ್ಟು ದಂಡು ಎಂದರ್ಥ. ಆಮೇಲೆ ಕೋಟೆಗಳು ಬಿದ್ದವು, ಆಯುಧ ಹೋಯಿತು, ಪದ ಮಾತ್ರ ಉಳಿದು ಕಚೇರಿಯ ಟಪಾಲು ಹೊರತೊಡಗಿತು. ಕಾಗದ ಹಿಡಿದು ಬಂದ ಪ್ಯೂನನ್ನು ಕಂಡರೆ ಹಳ್ಳಿಯವರ ಎದೆ ಇವತ್ತಿಗೂ ಒಮ್ಮೆ ಜುಮ್ಮೆನ್ನುವುದಕ್ಕೆ ಹಳೆಯ ಈ ನೆನಪೂ ಕಾರಣವಿರಬಹುದು ಎಂದು ನನ್ನ ಗುಮಾನಿ.

ಹೆಂಗಸರು ಬಂದಾಗ ಈ ಪದ ಕೈಕೊಟ್ಟಿತು. ಗಂಡ ತೀರಿಕೊಂಡು ಅನುಕಂಪದ ಆಧಾರದಲ್ಲಿ ಕೆಲಸ ಸಿಕ್ಕವರನ್ನು ಏನೆಂದು ಕರೆಯುವುದು? 'ಜವಾನಿ' ಎಂದರೆ ಹಿಂದಿ ಹಾಡಿನ ನೆನಪಾಗಿ ನಗು ಬರುತ್ತದೆ. ಶಾಲೆಗಳು ಆಯಾ ಅಂದವು, ಮಕ್ಕಳು ಅದಕ್ಕೊಂದು ಅಮ್ಮ ಸೇರಿಸಿ ಆಯಮ್ಮ ಮಾಡಿಕೊಂಡರು. ಇದೂ ಪೋರ್ಚುಗೀಸರದೇ ಪದ. ಅವರ ಮನೆಯ ದಾದಿ.

ಇಷ್ಟೆಲ್ಲ ಹೆಸರಿನ ಈ ಮನುಷ್ಯ ಮಾಡುವ ಕೆಲಸವೇನು ಎಂದರೆ ಹುದ್ದೆಯ ಕರ್ತವ್ಯಪಟ್ಟಿ ಓದಿದವರಿಗೆ ತಿಳಿಯುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ದಿನ ಶುರುವಾಗುವುದು ಗೇಟಿನ ಬೀಗದಿಂದ. ರಾತ್ರಿ ವರಾಂಡದಲ್ಲಿ ಇಸ್ಪೀಟು ಆಡಿ ಹೋದವರ ಬೀಡಿ ತುಂಡು, ಗುಟಕಾ ಚೀಟಿ, ಒಮ್ಮೊಮ್ಮೆ ಬಾಟಲಿ ಬಳಿದು ಹಾಕಬೇಕು. ಸಿಂಟೆಕ್ಸ್‌ಗೆ ನೀರು ಬಿಡಬೇಕು. ಕರೆಂಟು ಯಾವಾಗ ಬರುತ್ತದೆಂದು ಅವನಿಗೇ ಗೊತ್ತು. ಆಮೇಲೆ ಗಂಟೆ. ಬಹಳ ಕಡೆ ಅದು ಗಂಟೆಯಲ್ಲ, ತಂತಿಯಲ್ಲಿ ತೂಗುಬಿಟ್ಟ ರೈಲು ಕಂಬಿಯ ತುಂಡು. ಅದನ್ನು ಬಾರಿಸುವುದರಲ್ಲೂ ವ್ಯಾಕರಣವಿದೆ. ಪ್ರಾರ್ಥನೆಗೆ ಒಂದು ಬಗೆ, ಪಿರಿಯಡ್ಡಿಗೆ ಒಂದು ಬಗೆ, ಸಂಜೆಯ ಲಾಂಗ್ ಬೆಲ್‌ಗೆ ಇನ್ನೊಂದು. ಆ ಕೊನೆಯದನ್ನು ಅವನು ಮುಗಿಸುವ ಮೊದಲೇ ಅರ್ಧ ಶಾಲೆ ಗೇಟಿನಲ್ಲಿರುತ್ತದೆ.

ನಡುವೆ ಸೂಚನೆಯ ಪುಸ್ತಕ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಕ್ಲಾಸಿನ ಬಾಗಿಲಿಗೆ ಬಂದರೆ ಮಕ್ಕಳೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ನಾಳೆ ರಜೆ ಇರಬಹುದು, ಕೊಟ್ಟೂರಿನ ತೇರಿಗೋ ಮೈಲಾರದ ಕಾರಣಿಕಕ್ಕೋ. ಮೇಷ್ಟ್ರು ಓದುವ ಮೊದಲೇ ಅವನ ಮುಖ ನೋಡಿ ಓದಿಕೊಳ್ಳುವ ಹುಡುಗರಿದ್ದಾರೆ. ಆಗಸ್ಟ್ ಹದಿನೈದಕ್ಕೆ ಬಾವುಟದೊಳಗೆ ಹೂವಿನ ಎಸಳು ಹಾಕಿ ಗಂಟು ಕಟ್ಟುವವನು ಅವನು. ಗಂಟು ಬಿಗಿಯಾದರೆ ಮುಖ್ಯ ಅತಿಥಿ ಎಳೆದಷ್ಟೂ ಬಿಚ್ಚಿಕೊಳ್ಳುವುದಿಲ್ಲ, ಸಡಿಲಾದರೆ ಮೇಲೇರುವ ಮೊದಲೇ ಬಿಚ್ಚಿಕೊಳ್ಳುತ್ತದೆ. ಎರಡಕ್ಕೂ ಬೈಗುಳ ಅವನಿಗೆ. ಜ್ವರ ಬಂದ ಮಗುವನ್ನು ಸೈಕಲ್ಲಿನ ಮೇಲೆ ಮನೆಗೆ ಮುಟ್ಟಿಸುವುದು, ಚುನಾವಣೆ ಬಂದರೆ ಬೆಂಚು ಹೊರಗೆ ಹಾಕಿ ಮತಗಟ್ಟೆ ಮಾಡುವುದು, ಮಾರನೆಯ ದಿನ ಅದೇ ಬೆಂಚು ಒಳಗೆ ತರುವುದು, ಪಠ್ಯಪುಸ್ತಕದ ಬಂಡಲ್ಲು ಇಳಿಸುವುದು ಎಲ್ಲ ಇದರಲ್ಲೇ ಬಂತು. ಬಿಇಒ ಕಚೇರಿಗೆ ಕಾಗದ 'ಮುದ್ದಾಂ', ಅಂದರೆ ಖುದ್ದಾಗಿ ಕೈಯಲ್ಲೇ ಒಯ್ಯುವುದು ಅವನ ಹಳೆಯ ಹಕ್ಕು. ಇಮೇಲು ವಾಟ್ಸ್ಆ್ಯಪು ಬಂದ ಮೇಲೂ ಮುದ್ದಾಂ ಹೋಗಿಲ್ಲ. ಕಳಿಸಿದ್ದನ್ನೇ ಮತ್ತೆ ಪ್ರಿಂಟು ತೆಗೆದು ತಂದುಕೊಡಿ ಎನ್ನುವ ಕಚೇರಿಗಳು ಇರುವವರೆಗೆ ಹೋಗುವುದೂ ಇಲ್ಲ.

ಆದರೆ ಅವನ ನಿಜವಾದ ವಿದ್ಯೆ ಇರುವುದು ಬೀರುವಿನಲ್ಲಿ. ಈ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಹಳೆಯ ದಾಖಲಾತಿ ರಿಜಿಸ್ಟರಿಗೆ ಬಂಗಾರದ ಬೆಲೆ. 1997ರಲ್ಲಿ ದಾವಣಗೆರೆಗೆ ಹೋದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿದ್ದರ ಹಿಂದೆ ಈ ವಿಧಿಯ ಆಸೆ ಇತ್ತು. 2021ರಿಂದ ಕೋಗಳಿ ಸೀಮೆಯ ಈ ತಾಲ್ಲೂಕುಗಳೆಲ್ಲ ವಿಜಯನಗರ ಜಿಲ್ಲೆ. ಅಪ್ಪ ಎಲ್ಲಿ ಓದಿದ, ತಾನು ಎಲ್ಲಿ ಓದಿದೆ ಎಂಬ ವ್ಯಾಸಂಗ ಪತ್ರಕ್ಕಾಗಿ ಬೆಂಗಳೂರಿಗೆ ದುಡಿಯಲು ಹೋದವರೂ ಬಸ್ಸು ಹತ್ತಿ ಬರುತ್ತಾರೆ. ಹೆಡ್ ಮೇಷ್ಟ್ರು ವರ್ಗವಾಗಿ ಬಂದವರು; ಗೆದ್ದಲು ಹಿಡಿದ ಯಾವ ಕಟ್ಟಿನಲ್ಲಿ ಯಾವ ವರ್ಷವಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಜವಾನ ಧೂಳು ಕೊಡವಿ ಹಾಳೆ ತಿರುವುತ್ತಾನೆ. ಅರ್ಧ ಊರಿನ ಹುಟ್ಟಿದ ತಾರೀಖು ಜೂನ್ ಒಂದು ಎಂದಿರುತ್ತದೆ, ಶಾಲೆಗೆ ಸೇರಿಸಿದ ಮೇಷ್ಟ್ರ ಕೊಡುಗೆ. ಹಾಗಾಗಿ ತಾರೀಖು ಹಿಡಿದು ಹುಡುಕಿದರೆ ಸಿಗುವುದಿಲ್ಲ, ಮನೆತನದ ಅಡ್ಡಹೆಸರು ಹಿಡಿದು ಹುಡುಕಬೇಕು. ಅದು ಊರಿನವನಿಗೇ ಸಾಧ್ಯ.

ಇಷ್ಟು ಹೊತ್ತು ಅವನಿದ್ದಾನೆ ಎಂದೇ ಬರೆದೆ. ಅನುದಾನಿತ ಶಾಲೆಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಇದ್ದಾನೆ, ಹೈಸ್ಕೂಲಿನ ಜೊತೆ ಸೇರಿದ ಕಡೆ ಇದ್ದಾನೆ. ಬಹುತೇಕ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ: ಶಾಲೆಗೆ ಕಚೇರಿಯೂ ಉಗ್ರಾಣವೂ ಮುಖ್ಯ ಶಿಕ್ಷಕರ ಕೋಣೆಯೂ ಆದ ಒಂದು ಕೋಣೆ ಇರಬೇಕು ಎನ್ನುತ್ತದೆ. ಆ ಕೋಣೆಯ ಬೀಗ ತೆಗೆಯುವವರು ಯಾರು ಎಂಬುದರ ಬಗ್ಗೆ ಮಾತಿಲ್ಲ. ಅದೇ ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಪೊರಕೆ, ಗಂಟೆ, ಟಪಾಲು ಆ ವಿನಾಯಿತಿಯಲ್ಲಿಲ್ಲ.

ಹುದ್ದೆ ಇಲ್ಲವೆಂದು ಕೆಲಸ ಇಲ್ಲವಾಗುತ್ತದೆಯೇ? ಅದು ಹಂಚಿಹೋಗಿದೆ. 2002ರಲ್ಲಿ ಬಳ್ಳಾರಿಯೂ ಸೇರಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾದಾಗ ಅಡುಗೆಗೆಂದು ಬಂದ ಅಕ್ಕಂದಿರು ಈಗ ಗಂಟೆಯನ್ನೂ ಬಾರಿಸುತ್ತಾರೆ, ಅಂಗಳವನ್ನೂ ಗುಡಿಸುತ್ತಾರೆ. ಮುದ್ದಾಂ ಟಪಾಲು ಹೆಡ್ ಮೇಷ್ಟ್ರ ಬೈಕಿನ ಮೇಲೆ ಹೋಗುತ್ತದೆ. ಅವತ್ತು ಅವರ ಕ್ಲಾಸು ಕೂಗಾಟದಲ್ಲಿ ಕಳೆಯುತ್ತದೆ. ಯಾರ ಪಾಲಿಗೂ ಬಾರದ್ದು ಮಕ್ಕಳ ಪಾಲಿಗೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳು ಶೌಚಾಲಯ ತೊಳೆಯುವ ವಿಡಿಯೊ ಹೊರಬಿತ್ತು. ನಾಡೆಲ್ಲ ಕೆಂಡವಾಯಿತು, ಅಮಾನತು ಆಯಿತು. ಹಾಗಾದರೆ ತೊಳೆಯಬೇಕಾದವರು ಯಾರು ಎಂದು ಕೇಳಿದವರು ಕಡಿಮೆ.

ಸರ್ಕಾರಗಳಿಗೆ ಸುಲಭವಾಗಿ ಮಾಡಲು ಬರುವುದು ಹೆಸರು ಬದಲಾವಣೆ. ನಾಲ್ಕನೇ ದರ್ಜೆ ಹೋಗಿ ಗ್ರೂಪ್ ಡಿ ಬಂತು. ಆರನೇ ವೇತನ ಆಯೋಗದ ನಂತರ ಕೇಂದ್ರದವರು ಡಿಯನ್ನೇ ಅಳಿಸಿ 'ಮಲ್ಟಿ ಟಾಸ್ಕಿಂಗ್ ಸ್ಟಾಫ್' ಎಂದರು. ತಮಿಳುನಾಡಿನಲ್ಲಿ ಪ್ಯೂನು ಕಚೇರಿ ಸಹಾಯಕನಾದ. ಜವಾನ ಎನ್ನುವುದರಲ್ಲಿ ಕೀಳು ಕಾಣುವವರಿಗೆ ನನ್ನ ತಕರಾರಿಲ್ಲ. ನನಗೆ ಮಾತ್ರ ಅದರಲ್ಲಿ ಕೀಳು ಕಾಣುವುದಿಲ್ಲ. ಕೂಗುವವರ ದನಿಯಲ್ಲಿ ಕಾಣುತ್ತದೆ. ಅರವತ್ತರ ಹತ್ತಿರದವರನ್ನು ಇಪ್ಪತ್ತೈದರ ಮೇಷ್ಟ್ರು 'ಏ, ಇಲ್ಲಿ ಬಾ' ಎಂದು ಕೂಗಿದರೆ ಯಾವ ಪದನಾಮವೂ ಕಾಪಾಡುವುದಿಲ್ಲ.

ಶಿಕ್ಷಣ ಇಲಾಖೆಗೆ ನನ್ನದೊಂದು ಅರ್ಜಿ. ಹಿರಿಯ ಪ್ರಾಥಮಿಕ ಶಾಲೆಗಳಿಗೆ ಒಬ್ಬೊಬ್ಬರನ್ನು ಮಂಜೂರು ಮಾಡಿ. ಹೊರಗುತ್ತಿಗೆಯಲ್ಲಿ ಆರು ತಿಂಗಳಿಗೊಬ್ಬರಂತೆ ಅಲ್ಲ, ಆ ಬೀರುವಿನ ಗುಟ್ಟು ಕಲಿಯುವಷ್ಟು ಕಾಲ ಇರುವವರನ್ನು. ಊರಿನವರೇ ಆದರೆ ಇನ್ನೂ ಒಳ್ಳೆಯದು. ಪದನಾಮ ಏನಿಡಬೇಕೆಂಬ ಸಮಿತಿ ಆಮೇಲೆ ಕೂತರಾಯಿತು.