ಬಾಣಾವರದಲ್ಲಿ ಇಳಿದವರು



ಡಿಸೆಂಬರ್ ತಿಂಗಳು ಬಂತೆಂದರೆ ನಿಮ್ಮ ಶಾಲೆ ಅಥವಾ ಕಾಲೇಜಿನ ಸೂಚನಾಫಲಕದಲ್ಲಿ ಪ್ರವಾಸದ ವಿವರ ಕಾಣಿಸಿಕೊಳ್ಳುತ್ತದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ತಪ್ಪುವುದಿಲ್ಲ. ಡಿಸೆಂಬರಿನಲ್ಲಿಯೇ ಏಕೆ ಎಂದು ನೀವು ಎಂದಾದರೂ ಕೇಳಿದ್ದೀರಾ? 'ಆಗ ಮಳೆಯೂ ಇಲ್ಲ, ಸುಡುಬಿಸಿಲೂ ಇಲ್ಲ' ಎಂದು ಮೇಷ್ಟ್ರು ಹೇಳಿಯಾರು. ಉತ್ತರ ಸರಿಯೇ. ಆದರೆ ಆ ಒಂದು ಮಾತಿನ ಹಿಂದೆ ಏಳುನೂರು ವರ್ಷಗಳ ಚರಿತ್ರೆ ಇದೆ. ಅದನ್ನು ತಿಳಿಯಲು ನಾವು ಒಂದು ಪುಟ್ಟ ರೈಲು ನಿಲ್ದಾಣದಲ್ಲಿ ಇಳಿಯಬೇಕು. ಅದೇ ಬಾಣಾವರ.

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವಾಗ ಅರಸೀಕೆರೆ ದಾಟಿದ ಮೇಲೆ ಈ ಊರು ಸಿಗುತ್ತದೆ. ರಾಮನು ಇಲ್ಲಿ ತನ್ನ ಬಾಣವನ್ನು ತಾನೇ ಹೊತ್ತುಕೊಂಡನೆಂದೂ, 'ಬಾಣ ಹೊರು' ಎಂಬುದರಿಂದಲೇ ಊರಿಗೆ ಹೆಸರು ಬಂತೆಂದೂ ಐತಿಹ್ಯ. ಪ್ರಯಾಣದಲ್ಲಿ ತನ್ನ ಹೊರೆಯನ್ನು ತಾನೇ ಹೊರಬೇಕೆಂಬ ನೀತಿಯನ್ನು ಇದರಿಂದ ಯಾರಾದರೂ ತೆಗೆದುಕೊಂಡರೆ ತಪ್ಪಿಲ್ಲ!

ಮೊದಲು ಸ್ವಲ್ಪ ವಿಜ್ಞಾನ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಣ ಭಾಗವೇ ಉಷ್ಣವಲಯ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೇರ ನೆತ್ತಿಯ ಮೇಲೆ ಬರುತ್ತಾನೆ. ಬಾಣಾವರ ಇರುವುದು ಹೆಚ್ಚುಕಡಿಮೆ ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುಭಾಗದಲ್ಲಿ ಮತ್ತೊಮ್ಮೆ, ನಡುಹಗಲಿನಲ್ಲಿ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆಗಸ್ಟಿನಲ್ಲಿ ಮುಂಗಾರಿನ ಮೋಡ ಬಿಸಿಲನ್ನು ತಡೆಯುತ್ತದೆ. ಏಪ್ರಿಲಿನಲ್ಲಿ ಆ ರಕ್ಷಣೆ ಇಲ್ಲ. ಅಕ್ಟೋಬರ್, ನವೆಂಬರುಗಳಲ್ಲಿ ಹಿಂಗಾರು ಮುಗಿದ ಬಳಿಕ ಫೆಬ್ರವರಿಯವರೆಗೆ ಆಕಾಶ ತಿಳಿಯಾಗಿ, ದಾರಿ ಒಣಗಿರುತ್ತದೆ. ಊರಿನಿಂದೂರಿಗೆ ಹೋಗುವವರಿಗೆ ಇದೇ ಸುಗ್ಗಿ.

ಇದನ್ನು ಪ್ರವಾಸಿಗಳಿಗಿಂತ ಮೊದಲೇ ಅರಿತಿದ್ದವರು ಸೇನಾಪತಿಗಳು. ದೆಹಲಿಯ ಅಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫೂರ್ 1310ರ ನವೆಂಬರಿನಲ್ಲಿ ದೆಹಲಿಯನ್ನು ಬಿಟ್ಟು, 1311ರ ಫೆಬ್ರವರಿಯಲ್ಲಿ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಬಂದು ಮುತ್ತಿಗೆ ಹಾಕಿದ. ಆ ತಿಂಗಳುಗಳನ್ನು ಗಮನಿಸಿ. ಹೊಳೆಗಳಲ್ಲಿ ನೀರು ಇಳಿದಿರಬೇಕು, ಕುದುರೆಯ ಕಾಲು ಕೆಸರಿನಲ್ಲಿ ಹೂಳಬಾರದು. ಇಂದು ನಿಮ್ಮ ಬಸ್ಸು ಬರುವ ಕಾಲದಲ್ಲಿಯೇ ಅಂದು ಸೈನ್ಯ ಬಂದಿತ್ತು.

ಎಲ್ಲರಿಗೂ ಕಾಲವನ್ನು ಆರಿಸಿಕೊಳ್ಳುವ ಅನುಕೂಲ ಇರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ವೈದ್ಯ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ನಮ್ಮ ನಾಡಿನ ಸಮೀಕ್ಷೆಗೆ ಹೊರಟ. ಆತ ಮದರಾಸನ್ನು ಬಿಟ್ಟದ್ದು 1800ರ ಏಪ್ರಿಲ್ 23ರಂದು, ಕಡುಬೇಸಿಗೆಯಲ್ಲಿ! ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ 1801ರಲ್ಲಿ ಬಾಣಾವರದ ಕಡೆಗೂ ಬಂದ. ಆತನ ಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಸರ್ಕಾರಿ ಅಪ್ಪಣೆಯ ಮೇಲೆ ಹೊರಟವನಿಗೆ ಮಳೆ, ಬಿಸಿಲು ಎಂಬ ನೆಪ ನಡೆಯದು.

ಸ್ವಂತ ಇಚ್ಛೆಯಿಂದ ಬಂದವರ ಮಾತೇ ಬೇರೆ. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು ಹಳೇಬೀಡುಗಳನ್ನು ಛಾಯಾಚಿತ್ರದಲ್ಲಿ ಸೆರೆಹಿಡಿದದ್ದು 1854ರ ಡಿಸೆಂಬರಿನಲ್ಲಿ. ಆಗಿನ ಕ್ಯಾಮೆರಾ ಇಬ್ಬರು ಹೊರಬೇಕಾದ ಪೆಟ್ಟಿಗೆಯಂತಿತ್ತು. ಬೆಳಕು ಸ್ಥಿರವಾಗಿರಬೇಕು, ಗಾಳಿಯಲ್ಲಿ ತೇವ ಕಡಿಮೆ ಇರಬೇಕು. ದೂರದರ್ಶನದ ಕೆಲಸದಲ್ಲಿರುವ ನನಗೆ ಆತನ ಲೆಕ್ಕಾಚಾರ ಚೆನ್ನಾಗಿ ಅರ್ಥವಾಗುತ್ತದೆ. ಅನಂತರ ಜೇಮ್ಸ್ ಫರ್ಗ್ಯುಸನ್ ತನ್ನ ವಾಸ್ತುಶಿಲ್ಪದ ಗ್ರಂಥಗಳಲ್ಲಿ ಹೊಯ್ಸಳೇಶ್ವರ ದೇವಾಲಯವನ್ನು ಗ್ರೀಸಿನ ಪಾರ್ಥೆನಾನಿನ ಪಕ್ಕದಲ್ಲಿಟ್ಟು ವಿವೇಚಿಸಿದ. ಯುರೋಪಿನ ಓದುಗರಿಗೆ ಹಳೇಬೀಡು ನೋಡಬೇಕಾದ ಸ್ಥಳವಾಯಿತು.

ಆದರೆ ಬರುವುದು ಹೇಗೆ? 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗಿನ ದಾರಿ ಬಹಳ ಕಿರಿದಾಯಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ಅರಬ್ಬೀ ಸಮುದ್ರ ಉಕ್ಕೇರಿರುವುದರಿಂದ, ಸುತ್ತಾಡಲು ಬರುವವರು ನವೆಂಬರಿನಿಂದ ಮಾರ್ಚಿಯ ಒಳಗೆ ಬಂದು ಮರಳುತ್ತಿದ್ದರು. ಇತ್ತ ನಮ್ಮಲ್ಲಿ 1876-78ರ ಘೋರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತ ಬಳಿಕ, ಧಾನ್ಯ ಸಾಗಿಸಲು ರೈಲು ಬೇಕೆಂಬ ಅರಿವು ಬಲವಾಯಿತು. 1884ರಲ್ಲಿ ತುಮಕೂರಿಗೆ ರೈಲು ಬಂತು. 1889ರ ಹೊತ್ತಿಗೆ ಮೀಟರ್ ಗೇಜ್ ಹಳಿ ಅರಸೀಕೆರೆ, ಬಾಣಾವರಗಳನ್ನು ಹಾದು ಹರಿಹರ ಮುಟ್ಟಿತು. ಹಸಿದವರಿಗೆ ಅನ್ನ ಒಯ್ಯಬೇಕೆಂದು ಯೋಚಿಸಿದ ದಾರಿಯಲ್ಲಿ ಶಿಲ್ಪ ನೋಡುವವರೂ ಬಂದರು.

1908ರ ಸುಮಾರಿಗೆ ಪ್ರಕಟವಾದ ಭಾರತದ ಇಂಪೀರಿಯಲ್ ಗ್ಯಾಸೆಟಿಯರ್ ಹಳೇಬೀಡಿನ ವಿಳಾಸವನ್ನು ಹೇಗೆ ಕೊಡುತ್ತದೆ ಗೊತ್ತೇ? ಬಾಣಾವರ ರೈಲು ನಿಲ್ದಾಣದಿಂದ ನೈಋತ್ಯಕ್ಕೆ 18 ಮೈಲಿ ಎಂದು! ಅಂದರೆ ಹೊರಗಿನವರಿಗೆ ಹಳೇಬೀಡಿನ ಹೆಬ್ಬಾಗಿಲು ಬಾಣಾವರವೇ ಆಗಿತ್ತು.

ಈಗ ನೀವೇ ಆ ಕಾಲದ ಪ್ರವಾಸಿಗ ಎಂದುಕೊಂಡು ಲೆಕ್ಕ ಹಾಕಿ. 18 ಮೈಲಿ ಎಂದರೆ ಸುಮಾರು 29 ಕಿಲೋಮೀಟರ್. ಎತ್ತಿನ ಗಾಡಿ ಗಂಟೆಗೆ ಮೂರು, ಮೂರೂವರೆ ಕಿಲೋಮೀಟರ್ ನಡೆದೀತು. ಜಾವಗಲ್ಲಿನಲ್ಲಿ ಎತ್ತುಗಳಿಗೆ ಹುಲ್ಲು ನೀರು ತೋರಿಸಿ ಮುಂದೆ ಸಾಗಬೇಕು. ಅಲ್ಲಿಗೆ ಹತ್ತು ಗಂಟೆಯ ಪ್ರಯಾಣ. ಇನ್ನೊಂದು ತೊಡಕೂ ಇದೆ. ಪ್ರವಾಸಿಗರು ಬರುವ ನವೆಂಬರ್, ಡಿಸೆಂಬರುಗಳಲ್ಲಿಯೇ ಮೈದಾನ ಸೀಮೆಯಲ್ಲಿ ರಾಗಿ ಕೊಯ್ಲು. ತೆನೆ ಸಾಗಿಸಲು, ಕಣ ಮಾಡಲು ರೈತನಿಗೂ ಅದೇ ಗಾಡಿ, ಅದೇ ಎತ್ತು ಬೇಕು. ಜನದಟ್ಟಣೆಯ ಕಾಲದಲ್ಲಿ ಪ್ರವಾಸ ಹೊರಡುವವನು ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕೆಂಬುದು ಇಂದಿನ ಬುದ್ಧಿವಾದವಷ್ಟೇ ಅಲ್ಲ.

ಜ್ವರದ ಭಯವೂ ಇತ್ತು. ಹೈದರಾಲಿ ಬಾಣಾವರದ ಜನರನ್ನು ನಾಗಪುರಿ ಎಂಬ ಹೊಸ ಊರಿಗೆ ಸಾಗಿಸಿದನೆಂದೂ, ಅಲ್ಲಿಯ ಹವೆ ಒಗ್ಗದೆ ಅವರು ಮರಳಿ ಬರಬೇಕಾಯಿತೆಂದೂ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಜನ ಬಹುಕಾಲ ನಂಬಿದ್ದರು. ಮಲೇರಿಯಾ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಪ್ರವಾಸಿಗರು ಮಳೆಗಾಲಕ್ಕೆ ಹೆದರಿದ್ದರಲ್ಲಿ ಅರ್ಥವಿತ್ತು. ಕಾರಣ ಮಾತ್ರ ಅವರಿಗೆ ತಿಳಿದಿರಲಿಲ್ಲ.

ಬಾಣಾವರದ ಈ ಪ್ರಾಮುಖ್ಯ ಉಳಿಯಲಿಲ್ಲ. 1910ರ ದಶಕದ ಕೊನೆಯ ಹೊತ್ತಿಗೆ ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ರೈಲುಮಾರ್ಗವಾಯಿತು. ಅರಸೀಕೆರೆ ಜಂಕ್ಷನ್ ಆಯಿತು. ಅನಂತರ ಮೋಟಾರು ಬಸ್ಸುಗಳು ಬಂದವು, ಹಾಸನ ಪ್ರವಾಸಿಗಳ ತಂಗುದಾಣವಾಯಿತು. ದೇವಾಲಯಗಳು ಇದ್ದಲ್ಲೇ ಇದ್ದವು, ಅವುಗಳ ಬಾಗಿಲು ಮಾತ್ರ ಬೇರೆ ಊರಿಗೆ ಸರಿಯಿತು. ರಾಜಧಾನಿಗಳು ಯುದ್ಧದಿಂದ ಹಾಳಾಗುವುದನ್ನು ನಾವು ಪಾಠದಲ್ಲಿ ಓದುತ್ತೇವೆ. ಒಂದು ಕವಲು ಹಳಿಯಿಂದ ಒಂದು ಊರು ಹಿಂದೆ ಸರಿಯುವುದೂ ಚರಿತ್ರೆಯೇ.

ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ಚಿತ್ರೀಕರಣಕ್ಕೆಂದು ನಾನು ಹಳೇಬೀಡಿಗೆ ಹೋಗಿದ್ದೆ. ಶಾಲಾ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ಒಬ್ಬ ಹುಡುಗ ಸಾಲಿನಲ್ಲಿ ನಡೆಯುತ್ತಲೇ ಗೋಡೆಯ ಆನೆಗಳ ಮೇಲೆ ಬೆರಳು ಎಳೆದುಕೊಂಡು ಹೋದ. ಅವನ ಹಿಂದಿನವನೂ ಹಾಗೆಯೇ ಮಾಡಿದ, ಅವನ ಹಿಂದಿನವನೂ. ಈ ಕಲ್ಲು ಬಳಪದ ಕಲ್ಲಿನ ಜಾತಿಯದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಎಷ್ಟೇ ಗಟ್ಟಿಯಾದರೂ ಲಕ್ಷ ಬೆರಳುಗಳಿಗೆ ಅದು ಸವೆಯದೆ ಇರದು. ಆ ಹುಡುಗನನ್ನು ನಾನು ಗದರಿಸಲಿಲ್ಲ. ಅವನಿಗೆ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ನೋಡಿ ಬಸ್ಸು ಹತ್ತುವ ಅವಸರವಿತ್ತು. ಕಣ್ಣಿಗೆ ಸಮಯ ಕೊಡದಿದ್ದರೆ ಕೈ ಮುಂದಾಗುತ್ತದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಹೆಸರು ಬೆಳೆದಂತೆ ಹೊಣೆಯೂ ಬೆಳೆಯುತ್ತದೆ. ಒಣ ರಸ್ತೆಗಾಗಿ ಡಿಸೆಂಬರನ್ನೇ ಕಾಯಬೇಕಾದ ಕಾಲ ಹೋಗಿದೆ. ಈಗ ಡಾಂಬರು ದಾರಿ ಇದೆ. ಜನವರಿಯ ಕೊನೆಗೋ, ಫೆಬ್ರವರಿಯ ಒಂದು ಸಾಮಾನ್ಯ ವಾರದ ದಿನವೋ ಹೋದರೆ ಹವೆಯೂ ಹಿತ, ನೂಕುನುಗ್ಗಲೂ ಕಡಿಮೆ. ಈ ಮಾತನ್ನು ನಿಮ್ಮ ಅಧ್ಯಾಪಕರ ಮುಂದೆ ಇಟ್ಟು ನೋಡಿ.

ಸಾಧ್ಯವಾದರೆ ಇನ್ನೂ ಒಂದು ಕೆಲಸ ಮಾಡಿ. ನಾಲ್ಕಾರು ಮಂದಿ ಗೆಳೆಯರು ಸೇರಿ ಪ್ಯಾಸೆಂಜರ್ ರೈಲಿನಲ್ಲಿ ಬಾಣಾವರಕ್ಕೆ ಬನ್ನಿ. ಅರಸೀಕೆರೆಯಲ್ಲಿ ಮೊದಲೇ ಇಳಿದು 1220ರ ಶಿವಾಲಯವನ್ನು ನೋಡಿದರೆ ಇನ್ನೂ ಒಳ್ಳೆಯದು. ಬಾಣಾವರದಿಂದ ಜಾವಗಲ್ಲಿನ ದಾರಿ ಹಿಡಿಯಿರಿ, ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವೂ ಹೊಯ್ಸಳರ ಕಾಲದ್ದೇ. ಹಳೇಬೀಡು ತಲುಪುವ ಹೊತ್ತಿಗೆ, ಆ ದಾರಿಯಲ್ಲಿ ನಿಮಗಿಂತ ಮೊದಲು ಗಾಡಿಯಲ್ಲಿ ಹೋದವರ ಒಂದಿಷ್ಟು ಧೂಳು ನಿಮ್ಮ ಕಾಲಿಗೂ ಹತ್ತಿರುತ್ತದೆ.