‘ಇವತ್ತು ಹಾರಲ್ಲ’ ಎನ್ನಲು ವಿದ್ಯಾರ್ಥಿ ಪೈಲಟ್‌ಗೆ ಎಷ್ಟು ಖರ್ಚಾಗುತ್ತೆ?

ಹುಣಸೂರು, ಪಿರಿಯಾಪಟ್ಟಣದ ಕಡೆ ‘ಮಗನ್ನ ಪೈಲಟ್ ಮಾಡಿಸ್ಬೇಕು’ ಅನ್ನುವವರು ಈಗ ಸಿಗ್ತಾರೆ. ಮಗಳನ್ನು ಅನ್ನುವವರೂ ಇದ್ದಾರೆ. ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು, ಹಾಗಾಗಿ ಊರಿಗೆ ಹೋದಾಗ ಇಂಥ ಪ್ರಶ್ನೆಗಳು ನನ್ನ ಕಡೆ ತಿರುಗುತ್ತವೆ. ‘ಎಷ್ಟಾಯ್ತದೆ?’ ಅನ್ನೋದು ಮೊದಲನೆಯದು. ‘ಕೆಲ್ಸ ಸಿಗ್ತದಾ?’ ಎರಡನೆಯದು. ಆ ಶಾಲೆಯಲ್ಲಿ ವಿಮಾನ ಮೇಲೇಳುವ ಮುಂಚೆ ಏನೇನು ನಡೆಯುತ್ತೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಈ ಲೇಖನ ಆ ಕೇಳದ ಪ್ರಶ್ನೆಯ ಬಗ್ಗೆ.

ಮೊದಲು ಲೆಕ್ಕ. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ವಿದ್ಯಾರ್ಥಿಯದ್ದೇ ಆಗಿರಬೇಕು. ಒಂದು ಪಯಣವಂತೂ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್ ಇರಬೇಕು, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಪೂರ್ತಿ ಇಳಿದು ಹೊರಡಬೇಕು. ಎಲ್ಲ ಸೇರಿ ಖರ್ಚು ಅರ್ಧ ಕೋಟಿಯ ಆಸುಪಾಸು. ಶಾಲೆಗಳು ಕರಪತ್ರದಲ್ಲಿ ಮಾರುವುದು ಈ 200 ಗಂಟೆಯನ್ನೇ. ನೆಲದ ಮೇಲೆ ಕಳೆಯುವ ಗಂಟೆಗಳು ಲಾಗ್‌ಬುಕ್ಕಿಗೆ ಬರಲ್ಲ. ಜೀವ ಉಳಿಸುವುದು ಮಾತ್ರ ಹೆಚ್ಚಾಗಿ ಅವೇ.

ಎತ್ತುವ ಮುಂಚಿನ ಲೆಕ್ಕ

ಹಾರಾಟದ ಪೂರ್ವಸಿದ್ಧತೆ ಅಂದ ಕೂಡಲೇ ವಿಮಾನದ ಸುತ್ತ ಒಂದು ಸುತ್ತು ಹಾಕೋದು ಅಂತ ಅನೇಕರು ಅಂದುಕೊಳ್ತಾರೆ. ಅದು ಕೊನೆಯ ಹಂತ. ಮೊದಲು ಬರೋದು ಹವಾಮಾನ ವರದಿ, ರನ್‌ವೇ ಅಥವಾ ಆಕಾಶಮಾರ್ಗದಲ್ಲಿ ಏನಾದರೂ ನಿರ್ಬಂಧ ಇದೆಯಾ ಎಂದು ತಿಳಿಸುವ ‘ನೋಟಾಮ್’ ಸೂಚನೆಗಳು, ಆಮೇಲೆ ತೂಕ ಮತ್ತು ಇಂಧನದ ಲೆಕ್ಕ.

ತೂಕವನ್ನೇ ನೋಡಿ. ತರಬೇತಿಯಲ್ಲಿ ಹೆಚ್ಚು ಬಳಕೆಯಾಗುವ ಸೆಸ್ನಾ 172ಎಸ್ ಮಾದರಿಯ ಗರಿಷ್ಠ ತೂಕ 1,157 ಕಿಲೋ. ಖಾಲಿ ವಿಮಾನ 770 ಕಿಲೋ ಅಂತಿಟ್ಟುಕೊಳ್ಳಿ. ಟ್ಯಾಂಕ್ ತುಂಬಿಸಿದರೆ ಸುಮಾರು 200 ಲೀಟರ್, ಅಂದರೆ 145 ಕಿಲೋ ಹತ್ತಿರ. ತಲಾ 75 ಕಿಲೋದ ಮೂವರು ಕೂತರೆ 225. ಉಳಿಯೋದು 17 ಕಿಲೋ. ನಾಲ್ಕು ಸೀಟು ಇದೆಯಲ್ಲಾ ಅಂತ ಇನ್ನೊಬ್ಬ ಗೆಳೆಯನನ್ನು ಹತ್ತಿಸಿದರೆ ಲೆಕ್ಕ ಅಲ್ಲಿಗೇ ಮುಗೀತು. ನಾಲ್ಕು ಸೀಟಿನ ವಿಮಾನದಲ್ಲಿ ತುಂಬಿದ ಟ್ಯಾಂಕ್ ಮತ್ತು ನಾಲ್ಕು ಜನ ಒಟ್ಟಿಗೆ ಸಾಮಾನ್ಯವಾಗಿ ಹಿಡಿಸಲ್ಲ. ಬಸ್ಸಲ್ಲಿ ನಿಂತು ಹೋಗಿ ರೂಢಿಯಾದ ನಮಗೆ ಇದು ತಲೆಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕು.

ತೂಕ ಸರಿ ಇದ್ದರೂ ಗಾಳಿ ಸಹಕರಿಸಬೇಕು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 2,300 ಅಡಿಗಿಂತ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ 10 ಡಿಗ್ರಿ ಚಿಲ್ಲರೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ, ಪ್ರತಿ ಹೆಚ್ಚುವರಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಬೇಕು. ಹೀಗೆ ಲೆಕ್ಕ ಹಾಕಿದರೆ ವಿಮಾನದ ಪಾಲಿಗೆ ಆ ರನ್‌ವೇ 5,400 ಅಡಿ ಆಸುಪಾಸಿನಲ್ಲಿದೆ. ಇದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನೋದು. ಗಾಳಿ ತೆಳುವಾದಷ್ಟೂ ಎಂಜಿನ್ನಿನ ಶಕ್ತಿ, ರೆಕ್ಕೆಯ ಎತ್ತುವ ಬಲ ಎರಡೂ ಇಳಿಯುತ್ತವೆ, ಓಟ ಉದ್ದವಾಗುತ್ತೆ, ಏರುವುದು ನಿಧಾನವಾಗುತ್ತೆ. ಬೆಳಿಗ್ಗೆ ಏಳಕ್ಕೆ ಸಲೀಸಾಗಿ ಎದ್ದ ಅದೇ ವಿಮಾನ ಮಧ್ಯಾಹ್ನ ಎರಡಕ್ಕೆ ಏದುಸಿರು ಬಿಡುತ್ತೆ. ಮುಂಗಾರುಪೂರ್ವ ಗುಡುಗುಮಳೆ ಕಟ್ಟಿಕೊಳ್ಳೋದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ.

ಇಷ್ಟಾದ ಮೇಲೆ ವಿಮಾನದ ಸುತ್ತು. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಬಸಿದು ನೋಡಬೇಕು. 172ಎಸ್‌ನಲ್ಲಿ ಹೀಗೆ ಬಸಿಯುವ ಜಾಗಗಳೇ 13. 100ಎಲ್‌ಎಲ್ ಇಂಧನದ ಬಣ್ಣ ತಿಳಿ ನೀಲಿ, ನೀರು ಸೇರಿದ್ದರೆ ಭಾರವಾಗಿ ಅಡಿಯಲ್ಲಿ ನಿಲ್ಲುತ್ತೆ. ಮಳೆಗಾಲದಲ್ಲಿ ಹೊರಗೆ ನಿಂತ ವಿಮಾನದಲ್ಲಿ ಇದನ್ನು ಬಿಡೋ ಹಾಗೇ ಇಲ್ಲ. ಗಾಳಿಗೆ ಅಲುಗದಂತೆ ಹಾಕಿದ ಕಂಟ್ರೋಲ್ ಲಾಕ್ ತೆಗೆದಿದೆಯಾ ನೋಡಬೇಕು. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್ ಮಾಡೆಲ್ 299 ಬಿದ್ದದ್ದು ಈ ಲಾಕ್ ತೆಗೆಯದೆ ಹೊರಟದ್ದಕ್ಕೆ. ಅದನ್ನು ಹಾರಿಸುತ್ತಿದ್ದವರು ನುರಿತ ಪೈಲಟ್‌ಗಳು. ಪೈಲಟ್‌ಗಳ ಕೈಗೆ ಚೆಕ್‌ಲಿಸ್ಟ್ ಬಂದದ್ದು ಆ ಅಪಘಾತದ ನಂತರ.

ಎಂಜಿನ್ ನಿಂತರೆ ಎಲ್ಲಿ?

ಯೋಜನೆಯ ಇನ್ನೊಂದು ಭಾಗ ನೆಲವನ್ನು ಓದುವುದು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಯಬೇಕಾಯಿತು, ಇಬ್ಬರೂ ಬದುಕಿದರು. ಅದಾಗಿ ಎರಡೇ ದಿನಕ್ಕೆ, ಜೂನ್ 1ರಂದು, ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು. ಅದರಲ್ಲಿದ್ದ ಇಬ್ಬರೂ ಎಜೆಕ್ಷನ್ ಸೀಟಿನಿಂದ ಹೊರಹಾರಿ ಪಾರಾದರು. ಸೆಸ್ನಾದಲ್ಲಿ ಆ ಸೀಟು ಇರಲ್ಲ. ಹೊಲವೇ ಗತಿ.

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟರೆ ಹುಣಸೂರಿನ ತನಕ ಕೆಳಗೆ ಹೆಚ್ಚುಕಮ್ಮಿ ಬಯಲು. ಆದರೆ ಹೊಗೆಸೊಪ್ಪಿನ ಹೊಲ ಮೇ ಕೊನೆಯಲ್ಲಿ ಕಾಣುವಂತೆ ಆಗಸ್ಟ್‌ನಲ್ಲಿ ಕಾಣಲ್ಲ, ಆಗ ಗಿಡ ಎದೆಮಟ್ಟ. ನಡುನಡುವೆ ಬ್ಯಾರನ್‌ಗಳು, ತೆಂಗು, ಮೇಲಿನಿಂದ ಕಣ್ಣಿಗೇ ಬೀಳದ ಕರೆಂಟ್ ತಂತಿ. ಎಚ್.ಡಿ. ಕೋಟೆ ಕಡೆ ತಿರುಗಿದರೆ ಕಬಿನಿ ಹಿನ್ನೀರು, ಆಮೇಲೆ ನಾಗರಹೊಳೆ ಕಾಡು; ಇಳಿಯಲು ಜಾಗವೇ ಇಲ್ಲ. ಕೊಡಗಿನ ಕಡೆಯಿಂದ ಮುಂಗಾರು ಮೋಡ ಮೊದಲು ಮುಟ್ಟುವುದು ಪಿರಿಯಾಪಟ್ಟಣವನ್ನು. ಇದು ನಮ್ಮೂರಿನ ಯಾವ ರೈತನಿಗೂ ಗೊತ್ತಿರುವ ವಿಷಯ. ಹೊರ ರಾಜ್ಯದಿಂದ ಬಂದ ಹತ್ತೊಂಬತ್ತರ ಹುಡುಗನಿಗೆ ಅದನ್ನು ನಕ್ಷೆ ಹಾಸಿ ಯಾರಾದರೂ ಹೇಳಿಕೊಡಬೇಕು.

ನಿರ್ಧಾರ ಯಾರದ್ದು?

ಇಷ್ಟೆಲ್ಲ ಲೆಕ್ಕ ಹಾಕೋದು ಒಂದೇ ತೀರ್ಮಾನಕ್ಕೆ: ಹೋಗಬೇಕಾ, ಬೇಡವಾ. ಇಲ್ಲಿಂದ ವಿಷಯ ಎಂಜಿನಿಯರಿಂಗ್ ಬಿಟ್ಟು ರಾಜಕೀಯಕ್ಕೆ ಬರುತ್ತೆ ಅನ್ನೋದು ನನ್ನ ವಾದ.

2023ರ ಜನವರಿ 5ರ ತಡರಾತ್ರಿ ಮಧ್ಯಪ್ರದೇಶದ ರೀವಾದಲ್ಲಿ ತರಬೇತಿ ವಿಮಾನವೊಂದು ದೇವಸ್ಥಾನದ ಶಿಖರಕ್ಕೆ ಬಡಿದು ಬಿತ್ತು. ಹಿರಿಯ ಪೈಲಟ್ ತೀರಿಕೊಂಡರು, ವಿದ್ಯಾರ್ಥಿ ಗಾಯಗೊಂಡ. ಆ ಹೊತ್ತಿಗೆ ಮಂಜು ಕವಿದಿತ್ತೆಂದು ವರದಿಯಾಗಿತ್ತು. ಹೊರಡುವ ಮುಂಚೆ ಅವರಿಬ್ಬರ ನಡುವೆ ಏನು ಮಾತಾಯಿತೋ, ನಾನು ಊಹಿಸಲು ಹೋಗಲ್ಲ. ಆದರೆ ಯಾವುದೇ ಶಾಲೆಯಲ್ಲಿ ಬೋಧಕರು ‘ನಡಿ’ ಅಂದಾಗ ‘ಬೇಡ ಸರ್’ ಅನ್ನೋಕೆ ವಿದ್ಯಾರ್ಥಿಗೆ ಏನು ಬಲ ಇದೆ?

ಹಾರಾಟ ರದ್ದಾದರೆ ನಷ್ಟ ಯಾರದ್ದು ನೋಡಿ. ಮತ್ತೆ ಸರದಿ ಬರಲು ವಾರಗಟ್ಟಲೆ ಕಾಯಬೇಕು. ಹಾಸ್ಟೆಲ್ ಬಾಡಿಗೆ, ಸಾಲದ ಬಡ್ಡಿ ಓಡುತ್ತಲೇ ಇರುತ್ತೆ, ಬರೆದ ಪರೀಕ್ಷೆಯ ಅವಧಿ ಮುಗಿಯುತ್ತಾ ಬರುತ್ತೆ. ಕಟ್ಟೆಮಳಲವಾಡಿ ಹರಾಜಿನಲ್ಲಿ ಬಂದ ದುಡ್ಡನ್ನು ಅಪ್ಪ ಫೀಸಿಗೆ ಕಟ್ಟಿರುವಾಗ, ಮೋಡ ನೋಡಿ ‘ಇವತ್ತು ಬೇಡ’ ಅನ್ನೋದು ಉಳ್ಳವರ ಮಗನಿಗೆ ಸಲೀಸು, ಇವನಿಗಲ್ಲ. ನಿದ್ದೆಗೆಟ್ಟಿದ್ದರೆ, ಜ್ವರದ ಮಾತ್ರೆ ನುಂಗಿದ್ದರೆ ಹಾರಬಾರದು ಅಂತ ಪುಸ್ತಕ ಹೇಳುತ್ತೆ. ಪುಸ್ತಕ ಬಡ್ಡಿ ಕಟ್ಟಲ್ಲ.

ನಿಯಂತ್ರಕರ ಕಡೆ ನೋಡಿದರೆ ಸಮಾಧಾನ ಕಡಿಮೆ. 2023ರ ಅಕ್ಟೋಬರ್‌ನಲ್ಲಿ ಬಾರಾಮತಿ ಬಳಿ ರೆಡ್‌ಬರ್ಡ್ ಸಂಸ್ಥೆಯ ವಿಮಾನಗಳು ನಾಲ್ಕು ದಿನದ ಒಳಗೆ ಎರಡು ಬಿದ್ದ ಮೇಲೆ ಡಿಜಿಸಿಎ ಆ ಸಂಸ್ಥೆಯ ತರಬೇತಿ ನಿಲ್ಲಿಸಿತು. 2025ರಲ್ಲಿ ಅದೇ ಡಿಜಿಸಿಎ ಮೊದಲ ಬಾರಿ ಹಾರಾಟ ಶಾಲೆಗಳಿಗೆ ದರ್ಜೆ ಕೊಟ್ಟಿತು. 35 ಶಾಲೆಗಳಲ್ಲಿ ಮೇಲಿನ ದರ್ಜೆಗೆ ಒಂದೂ ಬರಲಿಲ್ಲ. 13ಕ್ಕೆ ಬಿ, 22ಕ್ಕೆ ಸಿ. ಅಳೆಯುವವರ ಸ್ಥಿತಿಯೂ ಅಷ್ಟಕ್ಕಷ್ಟೆ: ಡಿಜಿಸಿಎಯ ಮಂಜೂರಾದ ಹುದ್ದೆಗಳಲ್ಲಿ ಅರ್ಧದ ಹತ್ತಿರ ಖಾಲಿ ಎಂದು ಅದೇ ವರ್ಷ ಸಂಸದೀಯ ಸಮಿತಿ ಹೇಳಿದೆ.

ದರ್ಜೆ ಕೊಟ್ಟಿದ್ದು ಒಳ್ಳೇದೇ. ಆದರೆ ಪ್ರತಿ ಶಾಲೆ ತಿಂಗಳಿಗೆ ಎಷ್ಟು ಹಾರಾಟ ರದ್ದು ಮಾಡಿತು, ಹವಾಮಾನಕ್ಕೆ ಎಷ್ಟು, ದುರಸ್ತಿಗೆ ಎಷ್ಟು, ವಿದ್ಯಾರ್ಥಿ ಬೇಡ ಅಂದದ್ದಕ್ಕೆ ಎಷ್ಟು ಎನ್ನುವುದೂ ಬಹಿರಂಗವಾಗಬೇಕು. ಮಳೆಗಾಲದಲ್ಲೂ ಸೊನ್ನೆ ತೋರಿಸುವ ಶಾಲೆಯನ್ನು ನಾನಂತೂ ನಂಬಲ್ಲ.

ಅಲ್ಲಿಯವರೆಗೆ, ಫೀಸು ಕಟ್ಟುವ ಮುಂಚೆ ಶಾಲೆಯವರನ್ನು ಹೀಗೆ ಕೇಳಿ: ತೂಕದ ಲೆಕ್ಕದ ಹಾಳೆ ಪ್ರತಿ ಹಾರಾಟಕ್ಕೂ ತುಂಬುತ್ತೀರಾ, ಹಳೆಯದೊಂದು ತೋರಿಸ್ತೀರಾ? ಹಿಂದಿನ ದಿನ ಕಂಡ ದೋಷವನ್ನು ಯಾರು ಬರೆದರು, ಯಾರು ಸಹಿ ಹಾಕಿದರು? ಹಾರಾಟ ರದ್ದಾದರೆ ನನ್ನ ಮಗಳಿಗೆ ಮುಂದಿನ ಸರದಿ ಎಷ್ಟು ದಿನಕ್ಕೆ ಸಿಗುತ್ತೆ? ಈ ಕೊನೆಯದರ ಉತ್ತರವನ್ನು ಬಾಯಿಮಾತಲ್ಲಿ ಬೇಡ, ಬರೆಸಿಕೊಳ್ಳಿ.